ಚಿಕ್ಕ ಸೈಟು, ದೊಡ್ಡ ಸಂಸಾರ, ವಿಶಾಲ ಮನೆ: ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಹೊಸ ಬಡಾವಣೆಗಳಲ್ಲಿ ಎಲ್ಲರ ಬಾಯಲ್ಲೂ ಬರುವ ಅಳತೆ 30×40. ಅಪ್ಪ ಅಮ್ಮ, ಗಂಡ ಹೆಂಡತಿ, ಇಬ್ಬರು ಮಕ್ಕಳು, ಹಬ್ಬಕ್ಕೆ ಬರುವ ನೆಂಟರು, ಒಂದು ಕಾರು, ಎರಡು ಸ್ಕೂಟರ್, ಊರಿಂದ ಬರುವ ಕಾಯಿ ಮೂಟೆ, ಎಲ್ಲವೂ ಅದರಲ್ಲೇ ಹಿಡಿಯಬೇಕು. ಮನೆ ಕಟ್ಟಲು ಹೊರಟವರು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿ ಉತ್ತರ ಬರೆದಿದ್ದೇನೆ. ಬೇರೆ ಹೇಳದಿದ್ದರೆ ಅಳತೆಗಳೆಲ್ಲ ಅಡಿಯಲ್ಲಿವೆ.

30×40 ಸೈಟಿನಲ್ಲಿ ಬಂಗಲೆ ಅನ್ನಿಸುವಂಥ ಮನೆ ಆಗುತ್ತಾ?

ಆಗುತ್ತದೆ. ಆದರೆ ಬಂಗಲೆ ಅಂದಾಗ ನಿಮಗೆ ಬೇಕಿರುವುದು ಏನು ಅಂತ ಮನೆಯವರೆಲ್ಲ ಕೂತು ಮೊದಲು ಮಾತಾಡಿ. ಆರು ಕೋಣೆ ಬೇಕಾ? ಇಲ್ಲ, ಹೊರಗಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹಾಯ್ ಅನ್ನಿಸುವ ಜಾಗ ಬೇಕಾ? 1200 ಚದರಡಿಯಲ್ಲಿ ಎರಡೂ ಸಿಗುವುದಿಲ್ಲ.

ನನ್ನ ಮಾತು ಇಷ್ಟೇ: ಪ್ರತಿ ಮಹಡಿಗೆ ಒಂದೇ ಒಂದು ಜಾಗವನ್ನು ದೊಡ್ಡದು ಮಾಡಿ. ಉಳಿದ ಕೋಣೆಗಳು ಅವುಗಳ ಕೆಲಸಕ್ಕೆ ಸಾಕಾಗುವಷ್ಟು ಇರಲಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಲು ಹೋದರೆ ಯಾವುದೂ ದೊಡ್ಡದಾಗುವುದಿಲ್ಲ. ಮುಂಬಾಗಿಲಲ್ಲಿ ನಿಂತಾಗ ಒಂಬತ್ತು ಅಡಿಗೇ ಗೋಡೆ ಅಡ್ಡ ಬಂದರೆ ಎಷ್ಟು ಖರ್ಚು ಮಾಡಿದ್ದರೂ ಮನೆ ಇಕ್ಕಟ್ಟು ಅನ್ನಿಸುತ್ತದೆ. ಅದೇ ಇಪ್ಪತ್ತು ಅಡಿ ಆಚೆ ಒಂದು ಕಿಟಕಿ, ಅದರಾಚೆ ಸ್ವಲ್ಪ ಹಸಿರು ಕಂಡರೆ ಅದೇ ಅಳತೆಯ ಮನೆ ಬೇರೆಯೇ ಅನ್ನಿಸುತ್ತದೆ.

ಇನ್ನೊಂದು, ಪ್ಯಾಸೇಜು. 3 ಅಡಿ ಅಗಲ, 15 ಅಡಿ ಉದ್ದದ ಪ್ಯಾಸೇಜು ಅಂದರೆ 45 ಚದರಡಿ. ಒಂದು ಬೆಡ್‌ರೂಮಿನ ಅರ್ಧದಷ್ಟು ಜಾಗ ಬರೀ ಓಡಾಡಲು ಹೋಯಿತು. ಕೋಣೆಗಳ ಬಾಗಿಲು ನೇರವಾಗಿ ಹಾಲಿಗೇ ತೆರೆದುಕೊಳ್ಳುವಂತೆ ಜೋಡಿಸಿದರೆ ಪ್ಯಾಸೇಜು ಬೇಕಾಗುವುದೇ ಇಲ್ಲ.

ಕಟ್ಟಲು ನಿಜವಾಗಿ ಎಷ್ಟು ಜಾಗ ಸಿಗುತ್ತೆ?

ಸೈಟಿನ ಅಳತೆ, ರಸ್ತೆಯ ಅಗಲ, ಮನೆಯ ಎತ್ತರ ನೋಡಿಕೊಂಡು ಸುತ್ತ ಬಿಡಬೇಕಾದ ಜಾಗ ಬದಲಾಗುತ್ತದೆ. ನಿಮ್ಮ ಸೈಟಿಗೆ ಎಷ್ಟು ಅಂತ ಮಹಾನಗರ ಪಾಲಿಕೆಯಲ್ಲೋ ನಗರಾಭಿವೃದ್ಧಿ ಪ್ರಾಧಿಕಾರದಲ್ಲೋ ಕೇಳಿ, ಆ ಅಂಕಿ ಕೈಗೆ ಬಂದ ಮೇಲೆಯೇ ನಕ್ಷೆ ಶುರು ಮಾಡಿ.

ಇಲ್ಲಿ ಲೆಕ್ಕಕ್ಕೆ ಅಂತ ಮುಂದೆ 5, ಉಳಿದ ಮೂರು ಕಡೆ 3 ಅಡಿ ಇಟ್ಟುಕೊಳ್ಳೋಣ. 30ರಲ್ಲಿ 24 ಉಳಿಯಿತು, 40ರಲ್ಲಿ 32 ಉಳಿಯಿತು. ಅಂದರೆ ಒಂದು ಮಹಡಿಗೆ 768 ಚದರಡಿ. ಎರಡು ಮಹಡಿಗೆ 1536. ಇದರಲ್ಲಿ ಗೋಡೆ, ಮೆಟ್ಟಿಲು, ಕಾರಿನ ಜಾಗ ಎಲ್ಲ ಸೇರಿದೆ.

ಅಕ್ಕಪಕ್ಕದವರು ಜಾಗ ಬಿಟ್ಟಿಲ್ಲ. ನಾವು ಮಾತ್ರ ಯಾಕೆ ಬಿಡಬೇಕು?

ನಿಯಮ ಅನ್ನುವುದು ಒಂದು. ಅದಕ್ಕಿಂತ ಮುಖ್ಯ, ಆ ಮೂರು ಅಡಿಯೇ ನಿಮ್ಮ ಕಿಟಕಿ. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಯಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು, ಏಪ್ರಿಲ್‌ನಲ್ಲಿ ಫ್ಯಾನ್ ನಿಲ್ಲಿಸುವಂತಿಲ್ಲ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಹೊರಗಡೆಯಿಂದ ಪ್ಲಾಸ್ಟರ್ ಮಾಡಲೂ ಆಗುವುದಿಲ್ಲ, ಪೈಪ್ ಸೋರಿದರೆ ರಿಪೇರಿಗೆ ಕೈ ಹಾಕಲೂ ಆಗುವುದಿಲ್ಲ. ನಾಳೆ ಮಾರುವಾಗ, ಸಾಲ ತೆಗೆಯುವಾಗ ನಕ್ಷೆಗೂ ಕಟ್ಟಡಕ್ಕೂ ತಾಳೆ ಆಗದೆ ತೊಂದರೆ ಬರುತ್ತದೆ. ಒಂದು ಅಡಿ ಕೋಣೆ ಜಾಸ್ತಿ ಸಿಕ್ಕಿತು ಅಂತ ಬೆಳಕು ಕಳೆದುಕೊಳ್ಳುವುದು ಒಳ್ಳೆಯ ವ್ಯಾಪಾರ ಅಲ್ಲ.

ಪೂರ್ವಕ್ಕೆ ರಸ್ತೆ ಇರುವ 30×40 ಸೈಟಿಗೆ ಒಂದು ಮಾದರಿ ಹೇಳಿ.

ಮೇಲಿನ 24×32 ಜಾಗವನ್ನು ರಸ್ತೆ ಕಡೆಯಿಂದ ಹಿಂದಕ್ಕೆ ಮೂರು ಪಟ್ಟಿ ಮಾಡಿ: ಮುಂದೆ 10, ನಡುವೆ 12, ಹಿಂದೆ 10.

ಮುಂದಿನ ಪಟ್ಟಿಯಲ್ಲಿ ಈಶಾನ್ಯಕ್ಕೆ ಕಾರು, ಆಗ್ನೇಯಕ್ಕೆ ಅಡುಗೆಮನೆ. ಕಾರಿಗೆ ಮುಂದೆ ಬಿಟ್ಟ 5 ಅಡಿಯೂ ಸೇರಿ 15 ಅಡಿ ಉದ್ದ ಸಿಗುತ್ತದೆ. ನಾಲ್ಕು ಮೀಟರ್ ಒಳಗಿನ ಕಾರು 13 ಅಡಿ ಇರುತ್ತದೆ, ಸಾಕು. ಕಾರಿನ ಪಕ್ಕ ಮೂರು ಅಡಿ ನಡೆಯುವ ದಾರಿ, ಅದರ ತುದಿಗೆ ಮುಂಬಾಗಿಲು. ಗೇಟು ಜಾರುವಂಥದ್ದು ಇರಲಿ, ಒಳಕ್ಕೆ ತೆರೆಯುವ ಗೇಟು ಕಾರಿಗೆ ತಾಗುತ್ತದೆ. ಅಡುಗೆಮನೆ ಕಿಟಕಿಯ ಕೆಳಗೆ, ಹೊರಗಡೆ, ಒಂದೂವರೆ ಅಡಿ ಅಗಲದ ಕಲ್ಲಿನ ಜಗುಲಿ ಹಾಕಿಸಿ. ನಮ್ಮ ಕಡೆ ಗ್ರಾನೈಟಿಗೆ ಬರ ಇಲ್ಲ. ಚಳಿಗಾಲದ ಬೆಳಗ್ಗೆ ಅಜ್ಜ ಅಜ್ಜಿ ಬಿಸಿಲು ಕಾಯಿಸಿಕೊಳ್ಳುವುದು ಅಲ್ಲೇ.

ನಡುವಿನ ಪಟ್ಟಿ ಪೂರ್ತಿ ನಡುಮನೆ. ದಕ್ಷಿಣದಿಂದ ಉತ್ತರಕ್ಕೆ ಸುಮಾರು 23 ಅಡಿ ಉದ್ದ, ಹನ್ನೊಂದೂವರೆ ಅಡಿ ಅಗಲ. ಹಾಲ್, ಊಟದ ಜಾಗ ಎರಡೂ ಇದರಲ್ಲೇ. ನಡುವೆ ಗೋಡೆ ಬೇಡ. ಎರಡೂ ತುದಿಗೆ ದೊಡ್ಡ ಕಿಟಕಿ ಇಡಿ, ಗಾಳಿ ಆ ಕಡೆಯಿಂದ ಈ ಕಡೆಗೆ ಹಾಯುತ್ತದೆ. ನಾನು ಹೇಳಿದ ಆ ಒಂದು ದೊಡ್ಡ ಜಾಗ ಇದೇ. ಗೌರಿ ಹಬ್ಬಕ್ಕೆ ನೆಂಟರೆಲ್ಲ ಬಂದರೂ ಎಲೆ ಹಾಕಿ ಸಾಲಾಗಿ ಕೂರಿಸಬಹುದು.

ಹಿಂದಿನ ಪಟ್ಟಿಯಲ್ಲಿ ನೈಋತ್ಯಕ್ಕೆ 11 ಅಡಿಯ ಕೋಣೆ, ಪಕ್ಕ ನಾಲ್ಕೂವರೆ ಅಡಿಯ ಬಚ್ಚಲು, ವಾಯವ್ಯಕ್ಕೆ ಆರೂವರೆ ಅಡಿಯ ಮೆಟ್ಟಿಲು. ಗೋಡೆಗಳೂ ಸೇರಿ 24 ಸರಿಯಾಗುತ್ತದೆ.

ಮೇಲೆ ಹೋದರೆ ಕೆಳಗಿನ ಕೋಣೆಯ ಮೇಲೊಂದು ಕೋಣೆ, ಅಡುಗೆಮನೆಯ ಮೇಲೊಂದು ಕೋಣೆ. ಕಾರಿನ ಮೇಲಿನ 10×10 ಜಾಗವನ್ನು ಬಯಲು ತಾರಸಿಯಾಗಿಯೇ ಬಿಡಿ. ಅಲ್ಲೂ ಕೋಣೆ ಎಬ್ಬಿಸೋಣ ಅನ್ನುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಆ ನೂರು ಚದರಡಿ ಬಯಲು ಇರುವುದರಿಂದಲೇ ಮೇಲಿನ ಮಹಡಿ ಬಂಗಲೆ ಅನ್ನಿಸುತ್ತದೆ. ನಡುಪಟ್ಟಿ ಮಕ್ಕಳು ಓದಲು, ಟಿವಿ ನೋಡಲು. ಮುಂದೆ ಬೇಕಾದರೆ ದಕ್ಷಿಣದ ತುದಿಗೆ ಮಡಚುವ ಬಾಗಿಲು ಹಾಕಿ ನಾಲ್ಕನೇ ಕೋಣೆ ಮಾಡಿಕೊಳ್ಳಬಹುದು.

ತೊಟ್ಟಿ ಮನೆ ಇಷ್ಟ. ಇಷ್ಟು ಚಿಕ್ಕ ಜಾಗದಲ್ಲಿ ತೊಟ್ಟಿ ಸಾಧ್ಯವಾ?

ಹಳೆಯ ತೊಟ್ಟಿ ಮನೆಯಲ್ಲಿ ನಾಲ್ಕು ಕಡೆ ಪಡಸಾಲೆ, ನಡುವೆ ಆಕಾಶ. ಅದಕ್ಕೆ ಅಗಲ ಬೇಕು. 24 ಅಡಿಯಲ್ಲಿ ಹಾಗೆ ಮಾಡಲು ಹೋದರೆ ನಾಲ್ಕೂ ಕಡೆ ಬರೀ ಓಡಾಡುವ ಜಾಗವೇ ಉಳಿಯುತ್ತದೆ. ಆದರೆ ತೊಟ್ಟಿ ಮಾಡುತ್ತಿದ್ದ ಕೆಲಸ ಏನು? ಮನೆಯ ನಡುವಿಗೆ ಬೆಳಕು ತರುವುದು, ಬಿಸಿ ಗಾಳಿಯನ್ನು ಮೇಲಕ್ಕೆ ಕಳಿಸುವುದು. ಅದನ್ನು ಚಿಕ್ಕ ಜಾಗದಲ್ಲೂ ಮಾಡಿಸಬಹುದು.

ಊಟದ ಮೇಜಿನ ಮೇಲೆ, ಮೆಟ್ಟಿಲಿಗೆ ಅಂಟಿಕೊಂಡ ಹಾಗೆ, ಮೊದಲ ಮಹಡಿಯ ಮೋಲ್ಡಿನಲ್ಲಿ, ಅಂದರೆ ಕಾಂಕ್ರೀಟ್ ಹಾಸಿನಲ್ಲಿ, 5×6 ಅಡಿ ಖಾಲಿ ಬಿಡಿ. ಹೋಗುವುದು 30 ಚದರಡಿ. ಬೆಳಕು ತಾರಸಿಯಿಂದ ನೇರ ಊಟದ ಮನೆಗೆ ಇಳಿಯುತ್ತದೆ. ಮೇಲೆ ಓದುತ್ತಿರುವ ಮಗುವನ್ನು ಕೆಳಗಿಂದಲೇ ಊಟಕ್ಕೆ ಕರೆಯಬಹುದು. ಹಾಲಿನ ಸೂರು ಪೂರ್ತಿ ಎರಡು ಮಹಡಿ ಎತ್ತರ ಇರಲಿ ಅಂತ ಕೆಲವರು ಕೇಳುತ್ತಾರೆ. ಫೋಟೋದಲ್ಲಿ ಚೆನ್ನ. 30×40ರಲ್ಲಿ ಅದರಿಂದ ಮೇಲಿನ ಒಂದು ಕೋಣೆಯೇ ಹೋಗುತ್ತದೆ, ಗುಡಿಸಿ ಜೇಡ ತೆಗೆಯುವುದೂ ಕಷ್ಟ. ನನ್ನ ಒಲವು ಈ ಚಿಕ್ಕ ತೊಟ್ಟಿಯ ಕಡೆಗೇ.

ತೊಟ್ಟಿಯ ಮೇಲೆ ಮಟ್ಟಸವಾಗಿ ಗಾಜು ಅಥವಾ ಪ್ಲಾಸ್ಟಿಕ್ ಶೀಟು ಹಾಸಬೇಡಿ. ಏಪ್ರಿಲ್ ಕೊನೆಯಲ್ಲಿ ನಮ್ಮ ನೆತ್ತಿಯ ಮೇಲೇ ಸೂರ್ಯ ಇರುತ್ತಾನೆ, ಮನೆ ಕಾದುಬಿಡುತ್ತದೆ. ಬದಲಿಗೆ ಮೂರು ಅಡಿ ಗೋಡೆ ಎಬ್ಬಿಸಿ, ಮೇಲೆ ಮೋಲ್ಡ್ ಹಾಕಿ, ಪಕ್ಕದಲ್ಲಿ ಗಾಜು ಮತ್ತು ಗಾಳಿಕಿಂಡಿ ಇಡಿ. ಉತ್ತರ, ಪೂರ್ವದ ಕಡೆ ಗಾಜು ಒಳ್ಳೆಯದು. ಗಾಳಿಕಿಂಡಿಗೆ ಸೊಳ್ಳೆ ಪರದೆ ಬೇಕೇ ಬೇಕು. ಬೆಟ್ಟದ ಬದಿಯ ಬಡಾವಣೆಯಾದರೆ ಕೋತಿಗಳಿಗೆ ಅಂತ ಗಟ್ಟಿ ಗ್ರಿಲ್ಲೂ ಬೇಕು.

ಬಿಸಿಲು, ಗಾಳಿ ನೋಡಿ ಯಾವ ಕಡೆ ಏನು ಇಡಬೇಕು?

ತುಮಕೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇನಿಂದ ಜುಲೈವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜಾ ಹಾಕಿದರೆ ಡಿಸೆಂಬರ್ ಮಧ್ಯಾಹ್ನವೂ ಎರಡೂವರೆ ಅಡಿಯಷ್ಟು ನೆರಳು ಬೀಳುತ್ತದೆ. ದಕ್ಷಿಣ ಅಂದರೆ ಬರೀ ಬಿಸಿಲು ಅಂತ ಹೆದರಬೇಕಿಲ್ಲ.

ಕಾಟ ಕೊಡುವುದು ಪಶ್ಚಿಮ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬರುತ್ತದೆ, ಸಜ್ಜಾ ಅದನ್ನು ತಡೆಯುವುದಿಲ್ಲ. ಗೋಡೆ ಕಾದು ರಾತ್ರಿ ಮಲಗುವ ಹೊತ್ತಿಗೆ ಬಿಸಿ ಒಳಗೆ ಬಿಡುತ್ತದೆ. ಅದಕ್ಕೇ ಮೇಲಿನ ಮಾದರಿಯಲ್ಲಿ ಬಚ್ಚಲು, ಮೆಟ್ಟಿಲು ಪಶ್ಚಿಮಕ್ಕೆ ಹೋದವು. ನೈಋತ್ಯದ ಕೋಣೆಯಲ್ಲಿ ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಇಟ್ಟರೆ ಬಟ್ಟೆ ತುಂಬಿದ ಆ ಎರಡು ಅಡಿ ಬಿಸಿಯನ್ನು ತಡೆಯುತ್ತದೆ.

ಹಾಗಂತ ಪಶ್ಚಿಮವನ್ನು ಪೂರ್ತಿ ಮುಚ್ಚಬೇಡಿ. ಜೂನ್‌ನಿಂದ ತಂಪು ಗಾಳಿ ಬೀಸುವುದೇ ಆ ಕಡೆಯಿಂದ. ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲಿನ ಮೇಲ್ತುದಿಯ ಎತ್ತರದಲ್ಲಿ, ಉದ್ದನೆಯ ಚಿಕ್ಕ ಕಿಟಕಿಗಳನ್ನು ಇಡಿ.

ಕೋಣೆ ಕನಿಷ್ಠ ಎಷ್ಟಿದ್ದರೆ ಇಕ್ಕಟ್ಟು ಅನ್ನಿಸಲ್ಲ?

ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ಅಳತೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ. ಅಗಲ 2.4 ಮೀಟರ್, ಎತ್ತರ 2.75 ಮೀಟರ್. ಎರಡನೇ ಕೋಣೆ 7.5 ಚದರ ಮೀಟರ್ ಇದ್ದರೂ ನಡೆಯುತ್ತದೆ.

ಇದಕ್ಕಿಂತ ಉಪಯೋಗದ ಲೆಕ್ಕ ಮಂಚದಿಂದ ಶುರು ಮಾಡುವುದು. ಡಬಲ್ ಕಾಟ್ 5 ಅಥವಾ 6 ಅಡಿ ಅಗಲ, ಆರೂವರೆ ಅಡಿ ಉದ್ದ. ವಾರ್ಡ್‌ರೋಬ್ 2 ಅಡಿ. ಅದರ ಬಾಗಿಲು ತೆರೆದು ನಿಲ್ಲಲು ಎರಡೂವರೆ ಅಡಿ. ಅಲ್ಲಿಗೆ 11 ಅಡಿ ಆಯಿತು. ನಕ್ಷೆಯಲ್ಲಿ ಮಂಚ, ಬೀರು, ಸೋಫಾ ಎಲ್ಲ ನಿಮ್ಮ ಮನೆಯ ನಿಜವಾದ ಅಳತೆಯಲ್ಲೇ ಬರೆಸಿ. ನಕ್ಷೆಯಲ್ಲಿ ಬರುವ ರೆಡಿಮೇಡ್ ಮಂಚದ ಚಿತ್ರ ಎಷ್ಟೋ ಸಲ ಇರಬೇಕಾದ್ದಕ್ಕಿಂತ ಚಿಕ್ಕದಿರುತ್ತದೆ.

ಮೆಟ್ಟಿಲು ಒಳಗಿರಲೋ ಹೊರಗಿರಲೋ?

ಒಂದೇ ಸಂಸಾರ ಇರುವುದಾದರೆ ಒಳಗೆ. ಮೇಲೆ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಹೊರಗಿನಿಂದಲೂ ಬಾಗಿಲು ಸಿಗುವಂಥ ಮೂಲೆಯಲ್ಲಿ. ವಾಯವ್ಯದ ಮೆಟ್ಟಿಲಿಗೆ ಉತ್ತರದ 3 ಅಡಿ ಓಣಿಯಿಂದ ಬಾಗಿಲು ಇಟ್ಟರೆ ಎರಡೂ ಆಗುತ್ತದೆ.

ಅಳತೆ ಮಾತ್ರ ಮೇಸ್ತ್ರಿಯ ಕೈಗೆ ಬಿಡಬೇಡಿ. ಮಹಡಿಯಿಂದ ಮಹಡಿಗೆ ಹತ್ತೂವರೆ ಅಡಿ ಅಂದರೆ 126 ಇಂಚು. 7 ಇಂಚಿನಂತೆ ಸರಿಯಾಗಿ 18 ಏರು. ಕಾಲಿಡುವ ಜಾಗ 10 ಇಂಚು. ಮಧ್ಯೆ ತಿರುಗುವ ಮೆಟ್ಟಿಲಾದರೆ ಸುಮಾರು 10 ಅಡಿ ಉದ್ದ, ಆರೂವರೆ ಅಡಿ ಅಗಲ ಬೇಕು. ಜಾಗ ಉಳಿಸಲು ಏರನ್ನು ಎಂಟು ಇಂಚು ಮಾಡಿದರೆ ವಯಸ್ಸಾದವರ ಮಂಡಿ ತಡೆಯುವುದಿಲ್ಲ. ಎಲ್ಲ ಏರುಗಳೂ ಒಂದೇ ಎತ್ತರ ಇರಬೇಕು, ಒಂದು ಹೆಚ್ಚುಕಮ್ಮಿ ಆದರೂ ಅಲ್ಲೇ ಎಡವುತ್ತಾರೆ.

ಅಪ್ಪ ಅಮ್ಮನ ಕೋಣೆ?

ನೆಲಮಹಡಿಯಲ್ಲೇ, ಬಚ್ಚಲು ಅಂಟಿಕೊಂಡೇ. ಬಾಗಿಲು ಮೂರು ಅಡಿ, ಬಚ್ಚಲಿನ ಬಾಗಿಲೂ ಎರಡೂಮುಕ್ಕಾಲಿಗಿಂತ ಕಮ್ಮಿ ಬೇಡ. ನಾಳೆ ವಾಕರ್, ಗಾಲಿಕುರ್ಚಿ ಬಂದರೆ ಬೇಕಾಗುತ್ತದೆ. ಹೊಸ್ತಿಲು ಮುಂಬಾಗಿಲಿಗೆ ಮಾತ್ರ ಸಾಕು. ಬಚ್ಚಲಿಗೆ ಒರಟು ಟೈಲ್ಸ್ ಹಾಕಿ, ಗೋಡೆ ಕಟ್ಟುವಾಗಲೇ ಹಿಡಿದುಕೊಳ್ಳುವ ಸರಳಿಗೆ ಜಾಗ ಗಟ್ಟಿ ಮಾಡಿಸಿ. ಕಿಟಕಿಯಿಂದ ಮನೆಯ ಓಡಾಟವೋ ರಸ್ತೆಯೋ ಏನಾದರೂ ಕಾಣಬೇಕು. ದಿನದ ಬಹಳ ಹೊತ್ತು ಮನೆಯಲ್ಲಿರುವವರು ಅವರೇ ಅಲ್ವಾ? ಮನೆಯ ಒಳ್ಳೆಯ ಕೋಣೆ ಅವರಿಗೇ ಹೋಗಬೇಕು.

ವಾಸ್ತು ನೋಡಿದರೆ ಜಾಗ ಹಾಳಾಗುತ್ತಾ?

ಮೊದಲೇ ನೋಡಿದರೆ ಹಾಳಾಗುವುದಿಲ್ಲ. ಮೇಲಿನ ಮಾದರಿಯಲ್ಲಿ ಆಗ್ನೇಯಕ್ಕೆ ಒಲೆ, ನೈಋತ್ಯಕ್ಕೆ ಹಿರಿಯರ ಕೋಣೆ, ದೇವಮೂಲೆ ತಗ್ಗು ಮತ್ತು ಬಯಲು, ಅಲ್ಲೇ ಸಂಪು. ಹೆಚ್ಚಿನ ಮನೆಗಳಲ್ಲಿ ಹಿರಿಯರು ಕೇಳುವುದು ಇಷ್ಟೇ. ಪಾಯ ತೆಗೆದ ಮೇಲೆ ವಾಸ್ತು ನೋಡುವವರನ್ನು ಕರೆಸಿದಾಗಲೇ ಗೋಡೆ ಒಡೆಯುವ ಪರಿಸ್ಥಿತಿ ಬರುವುದು. ನನ್ನ ಬೇಡಿಕೆ ಒಂದೇ: ಯಾರು ಏನೇ ಹೇಳಿದರೂ ಮಲಗುವ ಕೋಣೆಯ ಕಿಟಕಿ ಮುಚ್ಚಬೇಡಿ, ಅಡುಗೆಮನೆಯ ಗಾಳಿ ಕಟ್ಟಬೇಡಿ.

ಗೋಡೆ 9 ಇಂಚು ಬೇಕಾ, 6 ಇಂಚು ಸಾಕಾ?

ಕಾಲಂ, ಬೀಮ್ ಹಾಕಿ ಕಟ್ಟುವ ಮನೆಯಲ್ಲಿ ಭಾರ ಹೊರುವುದು ಕಾಲಂಗಳು. ಹೊರಗೋಡೆ 6 ಇಂಚಿನ ಸಾಲಿಡ್ ಬ್ಲಾಕ್ ಸಾಕು. 24×32 ಮನೆಯ ಸುತ್ತಳತೆ 112 ಅಡಿ. ಅದರಲ್ಲಿ 3 ಇಂಚು ಉಳಿದರೆ ಮಹಡಿಗೆ 28 ಚದರಡಿ ಉಳಿಯಿತು. ಪಶ್ಚಿಮಕ್ಕೆ ಮಾತ್ರ ದಪ್ಪ ಗೋಡೆ ಇರಲಿ.

ಒಂದು ಎಚ್ಚರ. 9×12 ಇಂಚಿನ ಕಾಲಂ 6 ಇಂಚಿನ ಗೋಡೆಯಲ್ಲಿ ಅಡಗುವುದಿಲ್ಲ, ಮೂಲೆಯಲ್ಲಿ ಉಬ್ಬಿಕೊಂಡು ನಿಲ್ಲುತ್ತದೆ. ಮಂಚ ಗೋಡೆಗೆ ಸೇರುವುದಿಲ್ಲ. ಕಾಲಂ ಎಲ್ಲಿ ಬರುತ್ತದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಕೂತು ಮೊದಲೇ ನೋಡಿ, ಆ ಉಬ್ಬು ವಾರ್ಡ್‌ರೋಬ್ ಪಕ್ಕಕ್ಕೋ ಬಾಗಿಲ ಹಿಂದಕ್ಕೋ ಹೋಗುವಂತೆ ಮಾಡಿ.

ಪಾಯಕ್ಕೆ ಸೈಜುಗಲ್ಲು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಕೆಂಪು ಗಟ್ಟಿ ಮಣ್ಣಾದರೆ ನಿಶ್ಚಿಂತೆ. ಕೆರೆಯ ಅಂಚಿನ ಅಥವಾ ಮಣ್ಣು ತುಂಬಿ ಮಾಡಿದ ಬಡಾವಣೆಯಾದರೆ ಮಣ್ಣಿನ ಪರೀಕ್ಷೆ ಮಾಡಿಸದೆ ಪಾಯಕ್ಕೆ ಕೈ ಹಾಕಬೇಡಿ.

ನೀರಿನ ಸಂಪಿಗೆ, ಮಳೆನೀರಿಗೆ ಜಾಗ ಎಲ್ಲಿ?

ಕಾರಿನ ಕೆಳಗೆ. ನಗರಕ್ಕೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ನಲ್ಲಿಯಲ್ಲಿ ದಿನಾ ಬರುತ್ತದೆ ಅಂತ ನಂಬಿ ಮನೆ ಕಟ್ಟಬಾರದು. 8×6×6 ಅಡಿಯ ಸಂಪು ಅಂದರೆ 288 ಘನ ಅಡಿ, ಸುಮಾರು 8,150 ಲೀಟರ್. ತಲಾ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ಆರು ಜನಕ್ಕೆ ಹತ್ತು ದಿನ ಬರುತ್ತದೆ. ಮೇಲೆ ಕಾರು ನಿಲ್ಲುತ್ತದೆ ಅಂತ ಎಂಜಿನಿಯರ್‌ಗೆ ಹೇಳಿ, ಮೋಲ್ಡ್ ಅದಕ್ಕೆ ತಕ್ಕಂತೆ ಹಾಕಬೇಕು. ಮುಚ್ಚಳ ಮಾತ್ರ ಟೈರ್ ಹಾಯುವ ಜಾಗದಲ್ಲಿ ಬೇಡ. ಒಳಚರಂಡಿ ಚೇಂಬರ್ ಸಂಪಿನಿಂದ ಆದಷ್ಟು ದೂರ, ಹಿಂದಿನ ಮೂಲೆಯಲ್ಲಿ.

ಮಳೆನೀರಿನ ಲೆಕ್ಕ ಕೇಳಿ. 768 ಚದರಡಿ ಸೂರು ಅಂದರೆ 71 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಹಿಡಿದರೂ 42 ಸಾವಿರ ಲೀಟರ್ ದಾಟುತ್ತದೆ. ಐದರಲ್ಲಿ ಒಂದು ಪಾಲು ವ್ಯರ್ಥ ಆದರೂ 34 ಸಾವಿರ ಕೈಗೆ ಸಿಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದೆ ಸೋತವರನ್ನು ಕೇಳಿದರೆ ಈ ಲೆಕ್ಕದ ಬೆಲೆ ಗೊತ್ತಾಗುತ್ತದೆ. ಕೊಳವೆ ಮತ್ತು ಫಿಲ್ಟರ್‌ಗೆ ಹೆಚ್ಚು ಜಾಗ ಬೇಡ, ಪಕ್ಕದ ಓಣಿಯೇ ಸಾಕು.

ಸಾಮಾನು ಎಲ್ಲಿಡೋದು?

ಇದನ್ನು ಜನ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಿತ್ತು. ಊರಿಂದ ರಾಗಿ, ಕಾಯಿ, ಹುಣಸೆಹಣ್ಣು ಬರುವ ಮನೆ ಇದು. ಜಾಗ ಇಲ್ಲದಿದ್ದರೆ ಮೂಟೆ ಬಂದು ಕೂರುವುದು ಹಾಲಿನ ಮೂಲೆಯಲ್ಲೇ. ಆಮೇಲೆ ಎಷ್ಟು ದೊಡ್ಡ ಹಾಲಿದ್ದರೂ ಅಷ್ಟೆ.

ಮೆಟ್ಟಿಲ ಕೆಳಗಿನ ಜಾಗವನ್ನು ಉಗ್ರಾಣ ಮಾಡಿ. ಅಲ್ಲಿ ಶೌಚಾಲಯ ಮಾಡುವ ರೂಢಿ ಇದೆ, ಆದರೆ ತಲೆ ತಾಗುತ್ತದೆ, ಗಾಳಿಯೂ ಇರುವುದಿಲ್ಲ. ಬಚ್ಚಲಿನ ಒಳಸೂರನ್ನು ಏಳು ಅಡಿಗೆ ಇಳಿಸಿದರೆ ಅದರ ಮೇಲೆ ಒಳ್ಳೆಯ ಅಟ್ಟ ಸಿಗುತ್ತದೆ. ಗೊಂಬೆ ಹಬ್ಬದ ಗೊಂಬೆ, ದೊಡ್ಡ ಪಾತ್ರೆ, ಹಾಸಿಗೆ ಎಲ್ಲ ಅಲ್ಲಿಗೆ. ಕಿಟಕಿಯ ಕೆಳಗೆ ಮುಚ್ಚಳ ಇರುವ ಕಟ್ಟೆ ಮಾಡಿಸಿದರೆ ಕೂರಲೂ ಆಯಿತು, ಇಡಲೂ ಆಯಿತು.

ತಾರಸಿಯಲ್ಲಿ ಸೋಲಾರ್ ಹಾಕಿಸಬಹುದಾ?

ಹಾಕಿಸಿ. ಒಂದು ಕಿಲೋವಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿವರೆಗೆ ಸಹಾಯಧನ ಇದೆ. ನೀರಿನ ಟ್ಯಾಂಕು, ಮೆಟ್ಟಿಲ ಮೇಲಿನ ಕೋಣೆ ಉತ್ತರದ ಕಡೆ ಇದ್ದರೆ ಫಲಕಗಳ ಮೇಲೆ ನೆರಳು ಬೀಳುವುದು ಕಮ್ಮಿ.

ನಮ್ಮದು 20×30. ನಮಗೇನು ಹೇಳ್ತೀರಿ?

ಮೂರು ಮಹಡಿಗೆ ಯೋಚಿಸಿ, ಆದರೆ ಮಹಡಿಗೆ ಒಂದೇ ಕೋಣೆ. ಕಾರು ಬೇಕೇ ಬೇಕಾ ಅಂತ ಮತ್ತೊಮ್ಮೆ ಕೇಳಿಕೊಳ್ಳಿ, ಅದು ನೆಲಮಹಡಿಯ ದೊಡ್ಡ ಪಾಲು ನುಂಗುತ್ತದೆ. ತೊಟ್ಟಿಯ ಬದಲು ಮೆಟ್ಟಿಲ ಮೇಲಿನ ಬೆಳಕನ್ನೇ ನಂಬಿ.

ಚದರಡಿಗೆ ಎಷ್ಟು ಅಂತ ರೇಟ್ ಮಾತಾಡೋದು ಸರಿಯಾ?

ಮಾತಾಡಿ, ಆದರೆ ಅದರಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಸಂಪು, ಕಾಂಪೌಂಡು, ಗೇಟು, ಸಜ್ಜಾ, ಪ್ಯಾರಾಪೆಟ್, ಬಯಲು ತಾರಸಿಯ ನೆಲ, ಇವೆಲ್ಲ ಎಷ್ಟೋ ಸಲ ಹೊರಗೇ ಉಳಿದಿರುತ್ತವೆ. ತೊಟ್ಟಿಗೆ ಬಿಟ್ಟ 30 ಚದರಡಿಗೂ ದುಡ್ಡು ಹಿಡಿಯುತ್ತಾರಾ ಅಂತಲೂ ಕೇಳಿ. ಸಿಮೆಂಟು ಚದರಡಿಗೆ ಸುಮಾರು 0.4 ಮೂಟೆ, ಕಬ್ಬಿಣ 4 ಕೆಜಿ ಅನ್ನುವುದು ಎಷ್ಟೋ ಎಂಜಿನಿಯರ್‌ಗಳು ಬಳಸುವ ಒರಟು ಲೆಕ್ಕ. ನಿಮ್ಮ ಎಸ್ಟಿಮೇಟು ಇದಕ್ಕಿಂತ ಬಹಳ ದೂರ ಇದ್ದರೆ ಕಾರಣ ಕೇಳಿ.

ಬ್ಯಾಂಕ್ ಸಾಲಕ್ಕೆ ಏನೇನು ಬೇಕು?

ಇ-ಖಾತಾ, ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಎಸ್ಟಿಮೇಟು. ಸೈಟು ಕೊಳ್ಳುವ ಮುಂಚೆಯೇ ಬಡಾವಣೆಗೆ ಮಂಜೂರಾತಿ ಇದೆಯಾ ಅಂತ ಪ್ರಾಧಿಕಾರದಲ್ಲಿ ನೋಡಿಕೊಳ್ಳಿ.

ಪಕ್ಕದ ಸೈಟು ಖಾಲಿ ಇದೆ. ಆ ಕಡೆ ದೊಡ್ಡ ಕಿಟಕಿಗಳನ್ನು ಇಡಬಹುದಾ?

ನಿಮ್ಮ ಜಾಗ ಬಿಟ್ಟು ಕಟ್ಟಿದರೆ ಇಡಬಹುದು. ಆದರೆ ಅಲ್ಲಿ ನಾಳೆ ಎರಡು ಮಹಡಿ ಏಳುತ್ತದೆ ಅಂತಲೇ ಅಂದುಕೊಂಡು ನಕ್ಷೆ ಮಾಡಿ. ಕೋಣೆಯ ಪೂರ್ತಿ ಬೆಳಕು ಆ ಒಂದೇ ಕಿಟಕಿಯ ಮೇಲೆ ನಿಂತಿರಬಾರದು. ಇನ್ನೊಂದು ಕಿಟಕಿ ರಸ್ತೆ ಕಡೆಗೋ ಹಿತ್ತಿಲ ಕಡೆಗೋ ತೊಟ್ಟಿಯ ಕಡೆಗೋ ಇರಲಿ. ಅದೂ ಆಗದಿದ್ದರೆ ಬಾಗಿಲ ಮೇಲೆ ಗಾಜಿನ ಕಿಂಡಿಯಾದರೂ ಇಡಿಸಿ, ನಡುಮನೆಯ ಬೆಳಕು ಒಳಗೆ ಬರುತ್ತದೆ.